ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಸಂಘ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಮೊದಲು ಶುರುವಾಗಿದ್ದು ಎಲ್ಲಿ? ಗಲಾಟೆಗೆ ಅಂತಲೇ ಕಟ್ಟಿದ ಸಂಘವಾ ಅದು?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ: ಅಲ್ಲ. ಪಾಠ ಹೇಳಿಕೊಡುವುದರಿಂದ ಶುರುವಾದ ಸಂಘ ಅದು.

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ನೀಗ್ರೋ ಸ್ಟೂಡೆಂಟ್ಸ್ ಅಸೋಸಿಯೇಷನ್ ಅಂತ ಒಂದಿತ್ತು. 1966ರಲ್ಲಿ ಅದೇ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಆಯಿತು. ಸುಮ್ನೆ ಬೋರ್ಡ್ ಬದಲಾಯಿಸಿದ್ದಲ್ಲ. ಹಳೆಯದು ಬೇರೆಯವರು ಕರೆಯುತ್ತಿದ್ದ ಹೆಸರು, ಹೊಸದು ತಾವೇ ಆರಿಸಿಕೊಂಡದ್ದು. ಆಗ ಮುಂದೆ ನಿಂತವರಲ್ಲಿ ಒಬ್ಬರು ಜಿಮ್ಮಿ ಗ್ಯಾರೆಟ್. ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಪಳಗಿ ಬಂದಿದ್ದವರು.

ಇವರು ಊರಿನ ಕಪ್ಪು ಮಕ್ಕಳಿಗೆ ಮನೆಪಾಠ ಹೇಳಿದರು. ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ 'ಎಕ್ಸ್‌ಪೆರಿಮೆಂಟಲ್ ಕಾಲೇಜ್' ಇತ್ತು. ಪಠ್ಯದಲ್ಲಿ ಇಲ್ಲದ ತಮ್ಮ ಚರಿತ್ರೆ, ಕಲೆ, ಸಾಹಿತ್ಯದ ಕ್ಲಾಸುಗಳನ್ನು ಅಲ್ಲಿ ತಾವೇ ಶುರುಮಾಡಿದರು. ನನಗೆ ಜಾಸ್ತಿ ಇಷ್ಟವಾಗುವುದು ಈ ಭಾಗ. ಮುಂದೆ ನಡೆದ ಮುಷ್ಕರದ ಫೋಟೋಗಳಲ್ಲಿ ಇದು ಕಾಣುವುದೇ ಇಲ್ಲ, ಅಲ್ವಾ?

ಆ ಕ್ಲಾಸುಗಳಿಗೆ ಸರಿಯಾದ ವಿಭಾಗ, ಡಿಗ್ರಿ ಬೇಕು ಅಂದಾಗ ಜಗಳ ಶುರುವಾಯಿತು. 1968ರಲ್ಲಿ ಆ ವಿಭಾಗ ಕಟ್ಟಲು ಕಾಲೇಜು ಸಮಾಜಶಾಸ್ತ್ರಜ್ಞ ನೇಥನ್ ಹೇರ್ ಅವರನ್ನು ಕರೆಸಿಕೊಂಡರೂ ಅದು ಕಾಗದದಲ್ಲೇ ಉಳಿಯಿತು. ಇಂಗ್ಲಿಷ್ ಪಾಠ ಮಾಡುತ್ತಿದ್ದ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಜಾರ್ಜ್ ಮರ್ರೆ ಅವರನ್ನು ಅಮಾನತು ಮಾಡಿದ್ದು ಉರಿಯುವ ಬೆಂಕಿಗೆ ತುಪ್ಪ. ನವೆಂಬರ್ 6ಕ್ಕೆ ಮುಷ್ಕರ. ಯೂನಿಯನ್ನಿನ ಬೇಡಿಕೆ 10. ಏಷ್ಯನ್, ಲ್ಯಾಟಿನೋ ಮತ್ತಿತರ ವಿದ್ಯಾರ್ಥಿಗಳ ಒಕ್ಕೂಟ ಇನ್ನೂ 5 ಸೇರಿಸಿತು. ಹತ್ತರಲ್ಲಿ ಒಂದು, ಹೊಸ ವಿಭಾಗಕ್ಕೆ 20 ಪೂರ್ಣಾವಧಿ ಮೇಷ್ಟ್ರ ಹುದ್ದೆ. ಇಂಥದ್ದಕ್ಕೆ ಪೊಲೀಸರು ಲಾಠಿ ಬೀಸಿದರು ಅಂದರೆ ಇವತ್ತು ನಂಬುವುದು ಕಷ್ಟ.

ಡಿಸೆಂಬರ್ 2ರಂದು ಕಾಲೇಜಿನ ಹೊಸ ಅಧ್ಯಕ್ಷ ಹಯಕಾವಾ ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ಬಂದರು. ಮುಷ್ಕರದವರ ಧ್ವನಿವರ್ಧಕದ ವ್ಯಾನ್ ಹತ್ತಿ, ವೈರುಗಳನ್ನು ಕೈಯಾರೆ ಕಿತ್ತುಹಾಕಿದರು. ಭಾಷೆ, ಅರ್ಥ ಅಂತ ಪುಸ್ತಕ ಬರೆದಿದ್ದ ವಿದ್ವಾಂಸರು ನೋಡಿ! ಟಿವಿಯಲ್ಲಿ ಇದು ಬಂದು ದೇಶಕ್ಕೆಲ್ಲ ಪರಿಚಯವಾದರು, ಮುಂದೆ ಸೆನೆಟರ್ ಕೂಡ ಆದರು. ಜನವರಿಯಲ್ಲಿ ಒಂದೇ ದಿನ 400ಕ್ಕೂ ಹೆಚ್ಚು ಜನರ ಬಂಧನವಾಯಿತು.

1969ರ ಮಾರ್ಚ್‌ನಲ್ಲಿ ರಾಜಿ ಆಯಿತು. ಅದೇ ವರ್ಷ ಕಾಲೇಜಿನೊಳಗೇ ಎಥ್ನಿಕ್ ಸ್ಟಡೀಸ್‌ಗೆ, ಅಂದರೆ ಬೇರೆ ಬೇರೆ ಜನಾಂಗಗಳ ಚರಿತ್ರೆ, ಸಂಸ್ಕೃತಿಯ ಅಧ್ಯಯನಕ್ಕೆ, ಪ್ರತ್ಯೇಕ 'ಸ್ಕೂಲ್' ತೆರೆಯಿತು, ಬ್ಲ್ಯಾಕ್ ಸ್ಟಡೀಸ್ ಅದರಲ್ಲೊಂದು ವಿಭಾಗ. ಆದರೆ ಅದನ್ನು ಕಟ್ಟಲು ಬಂದಿದ್ದ ಹೇರ್ ಅವರನ್ನು ಕಾಲೇಜು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಮರ್ರೆ ಅವರನ್ನೂ ಇಲ್ಲ.