ಟೆಸ್ಟೋಸ್ಟೆರಾನ್ ಶುರು ಮಾಡಿದ ಮೇಲೆ ಏನೇನಾಗುತ್ತದೆ? ಗಡ್ಡ ಎಷ್ಟು ದಿನಕ್ಕೆ ಬರುತ್ತದೆ?

ಮುಂದಿನ ತಿಂಗಳು ಈ ಗಂಡು ಹಾರ್ಮೋನಿನ ನಿಮ್ಮ ಮೊದಲ ಇಂಜೆಕ್ಷನ್ ಅಂತ ಬರೆದಿದ್ದೀರಿ. ಗಡ್ಡದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅದು ಬರುವುದು ಕೊನೆಗೆ. ನಾನೂ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡ ಗಂಡಸು. ಶುರು ಮಾಡಿ ನಾಲ್ಕು ವರ್ಷವಾಯಿತು, ಎಡಗೆನ್ನೆಯಲ್ಲಿ ಇನ್ನೂ ಬೋಳು ಜಾಗ ಇದೆ. ಮುಖದಲ್ಲಿ ಕೂದಲು ಕಾಣಿಸಿಕೊಳ್ಳಲಿಕ್ಕೇ ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು, ತುಂಬಿಕೊಳ್ಳಲಿಕ್ಕೆ 4–5 ವರ್ಷ. ಅಪ್ಪ, ಸೋದರಮಾವಂದಿರ ಗಡ್ಡ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಹಾಗೇ ಅವರ ತಲೆಯನ್ನೂ ನೋಡಿಬಿಡಿ. ಬೊಕ್ಕತಲೆಯೂ ಇದೇ ದಾರಿಯಲ್ಲಿ ಬರುತ್ತದೆ!

ಮೊದಲು ಬರುವುದೆಲ್ಲ ನಾವು ಕೇಳದೇ ಇದ್ದದ್ದು. ಮುಖ ಎಣ್ಣೆ ಎಣ್ಣೆ, ಮೊಡವೆ. ನನಗಂತೂ ಬೆನ್ನ ತುಂಬಾ ಆಗಿತ್ತು. ಹೊತ್ತಲ್ಲದ ಹೊತ್ತಲ್ಲಿ ಹಸಿವು. ಬೆವರಿನ ವಾಸನೆ ಬೇರೆ ಥರ. ಕಾಮದ ಆಸೆ ಜಾಸ್ತಿ. ಕ್ಲಿಟೋರಿಸ್ ದೊಡ್ಡದಾಗುತ್ತದೆ, ಮೊದಮೊದಲು ಬಟ್ಟೆ ತಾಗಿದರೂ ಕಿರಿಕಿರಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಏನೋ ಕಾಯಿಲೆ ಅಂದುಕೊಂಡು ಎರಡು ದಿನ ಸುಮ್ನೆ ಹೆದರಿದ್ದೆ.

ಮುಟ್ಟು ಹೆಚ್ಚಿನವರಿಗೆ ಆರು ತಿಂಗಳೊಳಗೆ ನಿಲ್ಲುತ್ತದೆ. ನನಗೆ ನಾಲ್ಕನೇ ತಿಂಗಳು ನಿಂತಿತು. ಆದರೆ ಮುಟ್ಟು ನಿಂತಿತು ಅಂದರೆ ಬಸಿರಾಗುವುದಿಲ್ಲ ಅಂತಲ್ಲ. ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ, ಬಸಿರಾದರೆ ಮಗುವಿಗೆ ಹಾನಿ ಮಾಡುತ್ತದೆ. ಸಂಗಾತಿಯಿಂದ ಆ ಸಾಧ್ಯತೆ ಇದ್ದರೆ ಬೇರೆ ವ್ಯವಸ್ಥೆ ಬೇಕೇ ಬೇಕು. ಮುಂದೆ ಎಂದಾದರೂ ಸ್ವಂತ ಮಗು ಬೇಕೆನಿಸಬಹುದು ಅಂತಿದ್ದರೆ, ಅಂಡಾಣು ತೆಗೆದಿಡುವ ಬಗ್ಗೆ ಶುರು ಮಾಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಇನ್ನು ಧ್ವನಿ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದು. ಎರಡನೇ ತಿಂಗಳಲ್ಲಿ ನೆಗಡಿ ಇಲ್ಲದೆ ಗಂಟಲು ಕಟ್ಟಿತು. ಆಗ ಫೋನಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ ರೆಕಾರ್ಡ್ ಮಾಡತೊಡಗಿದೆ, ತಿಂಗಳಿಗೊಮ್ಮೆ. ಐದನೇ ತಿಂಗಳ ರೆಕಾರ್ಡಿಂಗ್‌ನಲ್ಲಿ ‘ಏಳು’ ಅನ್ನುವಾಗ ಧ್ವನಿ ಒಡೆದು ಕೀಚ್ ಅನ್ನುತ್ತದೆ, ಹಿಂದೆ ನಾನೇ ನಗುವುದೂ ಕೇಳಿಸುತ್ತದೆ. ಮಾತಾಡುವಾಗ ಪರವಾಗಿಲ್ಲ, ಜೋರಾಗಿ ಕರೆಯುವಾಗ, ನಗುವಾಗ ಒಡೆಯುತ್ತದೆ. ಹಾಡುವವರಾದರೆ ಮೇಲಿನ ಸ್ವರಗಳು ಕೈಬಿಟ್ಟುಹೋಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮತ್ತೆ ಧ್ವನಿ ಒಮ್ಮೆ ಇಳಿಯಿತು ಅಂದರೆ ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ಗಡ್ಡ, ಕ್ಲಿಟೋರಿಸ್ ಬೆಳೆದದ್ದೂ ಹಾಗೇ. ಕೊಬ್ಬು, ಸ್ನಾಯುಗಳ ಬದಲಾವಣೆ ಮಾತ್ರ ಬಿಟ್ಟರೆ ಮೆಲ್ಲಗೆ ಹಿಂದಿರುಗುತ್ತದೆ.

ಎತ್ತರ ಹೆಚ್ಚಾಗುವುದಿಲ್ಲ. ಎದೆಯೂ ಹೋಗುವುದಿಲ್ಲ, ಅದಕ್ಕೆ ಆಪರೇಷನ್ನೇ.

ಇಂಜೆಕ್ಷನ್ ಈಗ ನಾನೇ ಚುಚ್ಚಿಕೊಳ್ಳುತ್ತೇನೆ, ನರ್ಸ್ ಹೇಳಿಕೊಟ್ಟರು. ಔಷಧಿ ಇರುವುದು ಎಣ್ಣೆಯಲ್ಲಿ, ಮಂದ. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದು, ದಪ್ಪ ಸೂಜಿಯಲ್ಲಿ ಎಳೆದುಕೊಂಡು, ತೆಳು ಸೂಜಿಗೆ ಬದಲಿಸಿ ತೊಡೆಗೆ. ಒಂದು ಸಲ ಎಡ, ಒಂದು ಸಲ ಬಲ. ಮೊದಲ ದಿನ ಸೂಜಿ ಹಿಡಿದು ಇಪ್ಪತ್ತು ನಿಮಿಷ ಕೂತಿದ್ದೆ! ಚುಚ್ಚಿದಾಗ ಇರುವೆ ಕಚ್ಚಿದಷ್ಟೇ, ಮರುದಿನ ತೊಡೆ ಹಿಡಿದುಕೊಂಡಂತೆ ಇರುತ್ತದೆ. ಹತ್ತಿರ ಹತ್ತಿರ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ, ದಿನಾ ಹಚ್ಚುವ ಜೆಲ್ಲೂ ಇದೆ. ಜೆಲ್ ಆದರೆ ಹಚ್ಚಿದ ಜಾಗ ಒಣಗಿಸಿ ಬಟ್ಟೆಯಲ್ಲಿ ಮುಚ್ಚಿ. ಮಕ್ಕಳ ಮೈಗೆ ತಾಗಬಾರದು.

ನನಗೆ ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಇತ್ತು. ಕೊನೆಯ ಮೂರು ದಿನ ಸುಸ್ತು, ಎಲ್ಲರ ಮೇಲೂ ರೇಗಾಟ. ಡಾಕ್ಟರ್ ಡೋಸನ್ನು ಅರ್ಧ ಮಾಡಿ ವಾರಕ್ಕೊಮ್ಮೆ ಕೊಟ್ಟರು, ಸರಿಹೋಯಿತು. ನೀವಾಗಿ ಮಾತ್ರ ಡೋಸ್ ಏರಿಸಬೇಡಿ. ಜಾಸ್ತಿಯಾದದ್ದರಲ್ಲಿ ಒಂದು ಪಾಲನ್ನು ಮೈ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್, ಮಾಡಿಬಿಡುತ್ತದೆ, ಮೇಲಿಂದ ಕೆಂಪು ರಕ್ತಕಣ ಹೆಚ್ಚಿ ರಕ್ತ ಮಂದವಾಗುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಅದಕ್ಕೇ. ತಪ್ಪಿಸಬೇಡಿ.

ಸಿಟ್ಟು ಬರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ ಅಲ್ವಾ? ಆ ಮೂರು ದಿನಗಳ ರೇಗಾಟ ಬಿಟ್ಟರೆ ನನಗೆ ಹಾಗೇನೂ ಆಗಲಿಲ್ಲ. ಆದರೆ ಅಳು ಕಷ್ಟವಾಯಿತು. ಗಂಟಲವರೆಗೆ ಬಂದು ನಿಲ್ಲುತ್ತದೆ, ಕಣ್ಣಿಗೆ ಬರುವುದಿಲ್ಲ. ಇದು ಎಲ್ಲರಿಗೂ ಆಗುತ್ತದೆ ಅಂತಲ್ಲ, ಆದರೆ ನನಗೆ ಇಷ್ಟವಾಗದ ಬದಲಾವಣೆ ಇದೊಂದೇ.

ಒಂದು ಕೆಲಸ ಮಾಡಿ. ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ನಿಮ್ಮ ಧ್ವನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಾನು ಶುರು ಮಾಡಿದ್ದು ಗಂಟಲು ಕಟ್ಟಿದ ಮೇಲೆ. ಅದಕ್ಕೂ ಹಿಂದಿನದು ಈಗ ನನ್ನ ಹತ್ತಿರ ಒಂದೂ ಇಲ್ಲ.