ಸರ್ಕಲ್ಲಿನಲ್ಲಿದ್ದ ಫ್ಲೆಕ್ಸು

ಅವಳನ್ನು ವಿದ್ಯಾ ಅನ್ನೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 618. ಈಗ ನವನಗರದ ಹಾಸ್ಟೆಲ್ಲಿನಲ್ಲಿದ್ದು ಎರಡನೇ ಪಿಯು ಓದುತ್ತಾಳೆ, ಜೊತೆಗೆ ಐಐಟಿ, ಎನ್ಐಟಿಗಳ ಇಂಜಿನಿಯರಿಂಗ್ ಸೀಟಿಗೆ ಬರೆಯುವ ಜೆಇಇ ಪರೀಕ್ಷೆಯ ಕೋಚಿಂಗ್. ನಾನು ಆಪ್ತಸಲಹೆ ಕೊಡುವವಳು. ನವೆಂಬರಿನಲ್ಲಿ ಅವಳ ಅಪ್ಪ ನನ್ನ ಹತ್ತಿರ ಕರೆದುಕೊಂಡು ಬಂದರು.

"ಊಟ ಬಿಟ್ಟಾಳ್ರಿ ಮೇಡಂ. ರೊಟ್ಟಿ ಕಟ್ಟಿ ಕಳಿಸಿದ್ರ ಹಂಗ ವಾಪಸ್ ಬರ್ತಾವ."

ಅಪ್ಪನನ್ನು ಹೊರಗೆ ಕೂರಿಸಿದೆ. ಅವಳು ಮಾತಾಡಲಿಲ್ಲ. ಚೀಲದಿಂದ ಗಣಿತದ ರಫ್ ನೋಟ್‌ಬುಕ್ ತೆಗೆದು ಹಿಂದಿನಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು. ಪುಟಗಟ್ಟಲೆ ಲೆಕ್ಕ. ಗಣಿತದ್ದಲ್ಲ. ಭಾನುವಾರದ ಮಾಕ್ ಟೆಸ್ಟಿನ ಅಂಕ, ಅದಕ್ಕೆ ಬರಬಹುದಾದ ಪರ್ಸೆಂಟೈಲ್ (ನೂರಕ್ಕೆ ಎಷ್ಟು ಮಂದಿಗಿಂತ ಮುಂದೆ ಅನ್ನುವ ಅಂಕಿ), ಅದರಿಂದ ರ್‍ಯಾಂಕ್, ಹೋದ ವರ್ಷ ಯಾವ ಸೀಟು ಎಷ್ಟಕ್ಕೆ ಮುಗಿದಿತ್ತು. ಇಷ್ಟು ಬಂದರೆ ಸುರತ್ಕಲ್ ಎನ್ಐಟಿ, ಇಷ್ಟು ಬಂದರೆ ಧಾರವಾಡ ಐಐಟಿ. ಕೊನೆಯ ಸಾಲಿನಲ್ಲಿ "ಏನೂ ಇಲ್ಲ" ಅಂತ ಬರೆದು ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಳು. ರಾತ್ರಿ ಹನ್ನೊಂದಕ್ಕೆ ಶುರುವಾದರೆ ಎರಡು ಗಂಟೆಯವರೆಗೂ ಇದೇ ಅಂತೆ. ಮೂರು ತಾಸು ಓದಿದಷ್ಟೇ ಸುಸ್ತು, ಒಂದು ಸಮಸ್ಯೆನೂ ಬಿಡಿಸಿರುವುದಿಲ್ಲ.

ಆ ಲೆಕ್ಕದಲ್ಲೇ ತಪ್ಪಿತ್ತು. ಜೆಇಇಯ ಮೊದಲ ಹಂತವಾದ ಮೇನ್‌ನಲ್ಲಿ 300ಕ್ಕೆ ಇಷ್ಟು ಬಂದರೆ ಇಷ್ಟೇ ಪರ್ಸೆಂಟೈಲ್ ಅನ್ನುವ ಗಟ್ಟಿ ಲೆಕ್ಕವಿಲ್ಲ. ಪ್ರತಿ ಪಾಳಿಯಲ್ಲಿ ಬರೆದವರನ್ನು ಆ ಪಾಳಿಯವರ ಜೊತೆಗೇ ಹೋಲಿಸಿ ಪರ್ಸೆಂಟೈಲ್ ಹಾಕುತ್ತಾರೆ. ಪೇಪರ್ ಕಠಿಣವಿದ್ದರೆ ಕಡಿಮೆ ಅಂಕಕ್ಕೂ ಒಳ್ಳೆ ಪರ್ಸೆಂಟೈಲ್ ಬರುತ್ತದೆ. ಅವಳು ಕೋಚಿಂಗಿನ ಟೆಸ್ಟಿನ ಅಂಕ ಹಿಡಿದು ಇಡೀ ದೇಶದ ರ್‍ಯಾಂಕ್ ತೆಗೆಯುತ್ತಿದ್ದಳು.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಐಐಟಿಗಳಲ್ಲಿ 2018ರಿಂದ ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸೀಟುಗಳಿವೆ, ಅವುಗಳ ಕೊನೆಯ ರ್‍ಯಾಂಕ್ ಬೇರೆ ಇರುತ್ತದೆ. ಆ ಸಾಲನ್ನೇ ಅವಳು ಬಿಟ್ಟಿದ್ದಳು. ಯಾಕೆ ಅಂತ ಕೇಳಿದೆ.

"ಗೊತ್ತೈತ್ರಿ. ಅದು ಖರೇ ರ್‍ಯಾಂಕ್ ಅಲ್ಲ ಅಂತಾರ್ರಿ ನಮ್ಮ ಬ್ಯಾಚಿನ ಹುಡುಗ್ರು."

ನನಗೆ ಸಿಟ್ಟು ಬಂತು. ಸಲಹೆ ಕೊಡುವವಳಿಗೆ ಸಿಟ್ಟು ಬರಬಾರದು ಅಂತಾರೆ, ಬಂತು. ಸರ್ಕಾರ ಇಟ್ಟ ಬಾಗಿಲನ್ನು ಕ್ಲಾಸಿನ ನಾಲ್ಕು ಹುಡುಗರ ಮಾತಿಗೆ ಮುಚ್ಚಿಕೊಂಡು ಕೂತಿದ್ದಾಳಲ್ಲ!

ಎರಡನೇ ಭೇಟಿಯಲ್ಲಿ ಫ್ಲೆಕ್ಸಿನ ಮಾತು ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಊರಿನ ಗೆಳೆಯರ ಬಳಗದವರು ಸರ್ಕಲ್ಲಿನಲ್ಲಿ ಹಾಕಿದ್ದು. ಶಾಲೆಯ ಐಡಿ ಕಾರ್ಡಿನ ಫೋಟೋ, ಎರಡು ಜಡೆ, ಅಡಿಯಲ್ಲಿ "ಭವಿಷ್ಯದ ಐಐಟಿ ಇಂಜಿನಿಯರ್". ಆ ಸಾಲು ಅವಳ ಕಾಕಾ ಹೇಳಿ ಬರೆಸಿದ್ದು. ಆಗ ಅವಳಿಗೆ ಐಐಟಿ ಅಂದರೆ ಏನು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಒಂದೂವರೆ ವರ್ಷದ ಬಿಸಿಲಿಗೆ ಮುಖ ಬೆಳ್ಳಗಾಗಿದೆ, ಅಕ್ಷರ ಮಾತ್ರ ಹಂಗೇ ಇವೆಯಂತೆ. ಊರಿಗೆ ಹೋದರೆ ಬಸ್ಸಿಳಿದು ಸರ್ಕಲ್ ದಾಟದೆ ಹಿಂದಿನ ಓಣಿಯಿಂದ ಮನೆ ಸೇರುತ್ತಾಳೆ. ಕೋಚಿಂಗ್ ಫೀಸಿಗೆ ಎರಡು ಎಕರೆ ಕಬ್ಬಿನ ಬಿಲ್ಲು ಹೋಗಿದೆ. ಆ ಮೊತ್ತ ಅವಳಿಗೆ ರೂಪಾಯಿ ಸಮೇತ ಬಾಯಿಪಾಠ.

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. "ಬಸ್ಸಿನ್ಯಾಗ ಬರುವಾಗ ಒಮ್ಮೊಮ್ಮೆ ಅನಸ್ತೈತ್ರಿ, ಸಣ್ಣದೊಂದು ಆಕ್ಸಿಡೆಂಟ್ ಆಗಿ ಕಾಲು ಮುರಿದ್ರ ಪರೀಕ್ಷೆ ತಪ್ಪತಿತ್ತಲ್ಲ ಅಂತ."

ಇಂಥ ಮಾತು ಕೇಳಿದಾಗ ಸುತ್ತಿ ಬಳಸಿ ಕೇಳಬಾರದು. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆದರೂ ಇದೊಂದು ವಿಷಯ ಅಪ್ಪನಿಗೆ ಹೇಳಲೇಬೇಕು, ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ಫೋನಿನಲ್ಲಿ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಊಟ, ನಿದ್ದೆ ಎರಡೂ ಕೆಟ್ಟಿದ್ದರಿಂದ ಮನೋವೈದ್ಯರಿಗೂ ಒಮ್ಮೆ ತೋರಿಸಲು ಹೇಳಿದೆ. ತೋರಿಸಿದರು.

ಲೆಕ್ಕ ಬಿಡು ಅಂತ ನಾನು ಹೇಳಲಿಲ್ಲ. ಹೇಳಿದರೆ ಬಿಡುವವಳಲ್ಲ. ರಾತ್ರಿಯಿಂದ ಸಂಜೆ ಆರಕ್ಕೆ ತಂದೆವು, ಗಡಿಯಾರ ಇಟ್ಟು ಇಪ್ಪತ್ತು ನಿಮಿಷ. ಮಾಕ್ ಟೆಸ್ಟ್ ಆದ ಮೇಲೆ ರ್‍ಯಾಂಕ್ ಬದಲು ತಪ್ಪುಗಳನ್ನು ಬರೆಯಬೇಕು: ಗೊತ್ತಿದ್ದೂ ತಪ್ಪಿದ್ದು, ಗೊತ್ತೇ ಇಲ್ಲದ್ದು, ಟೈಮ್ ಸಾಲದ್ದು. ಮೂರನೆಯದೇ ಜಾಸ್ತಿ ಬಂತು. ಕೆದಕಿದಾಗ ತಿಳಿಯಿತು, ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದುತ್ತಾಳೆ. ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು. ಅದನ್ನು ತನ್ನ ದಡ್ಡತನ ಅಂದುಕೊಂಡಿದ್ದಳು. ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಐಐಟಿಗೆ ಬೇಕಾದ ಎರಡನೇ ಹಂತ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಇಲ್ಲವೇ ಹಿಂದಿ. ಹಾಗಾಗಿ ಅಭ್ಯಾಸ ಇಂಗ್ಲಿಷಿನಲ್ಲೇ ಇರಲಿ ಅಂತ ಅವಳ ಫಿಸಿಕ್ಸ್ ಲೆಕ್ಚರರ್ ಹೇಳಿದರು. ಬರೀ ಪ್ರಶ್ನೆ ಓದುವ ಅಭ್ಯಾಸಕ್ಕೆ ದಿನಾ ಅರ್ಧ ತಾಸು ಇಟ್ಟರು. ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ.

ಪಿಯು ಪುಸ್ತಕಗಳನ್ನು ಅವಳು ಮೂಲೆಗೆ ಒಗೆದಿದ್ದಳು. ಅದಕ್ಕೆ ಮಾತ್ರ ಗದರಿದೆ. ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಸುರತ್ಕಲ್ಲಿನಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. "ಏನೂ ಇಲ್ಲ" ಅನ್ನುವ ಸಾಲು ಎಲ್ಲಿಂದ ಬಂತು ಅಂತ ಕೇಳಿದೆ. ಉತ್ತರ ಕೊಡಲಿಲ್ಲ, ಆ ಪುಟ ಮಡಚಿದಳು. ನಿದ್ದೆಯ ಬಗ್ಗೆಯೂ ಹೇಳಿದೆ: ಪರೀಕ್ಷೆ ಇರುವುದು ಬೆಳಿಗ್ಗೆ ಇಲ್ಲವೇ ಮಧ್ಯಾಹ್ನ. ರಾತ್ರಿ ಎರಡಕ್ಕೆ ಚುರುಕಾಗುವ ತಲೆ ಒಂಬತ್ತಕ್ಕೆ ತೂಕಡಿಸುತ್ತದೆ. ಈ ಮಾತು ಅವಳಿಗೆ ತಕ್ಷಣ ನಾಟಿತು.

ಅಪ್ಪನ ಜೊತೆ ಒಂದೇ ಒಪ್ಪಂದ. ಭಾನುವಾರ ಸಂಜೆ ಫೋನ್ ಮಾಡಿದಾಗ "ಎಷ್ಟು ಬಂತವ್ವಾ?" ಅಂತ ಕೇಳಬಾರದು, ಏನು ಉಂಡಿ ಅಂತ ಕೇಳಬೇಕು. ಮೊದಲ ವಾರ ಪಾಲಿಸಿದರು. ಎರಡನೇ ವಾರ "ಎಷ್ಟು..." ಅಂತ ಶುರು ಮಾಡಿ, "ಎಷ್ಟು ರೊಟ್ಟಿ ತಿಂದಿ?" ಅಂತ ತಿರುಗಿಸಿದರಂತೆ. ಬಸ್ಸಿನ ಮಾತು ಹೇಳಿದ ದಿನ ಅವರು ತುಂಬ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಕೇಳಿದ್ದು ಒಂದೇ: "ಆ ಫ್ಲೆಕ್ಸ್ ತೆಗಸ್ಲೇನ್ರಿ?" ಅವಳನ್ನೇ ಕೇಳಿ ಅಂದೆ.

ಫೆಬ್ರವರಿಯಲ್ಲಿ ಬಂದಾಗ ಜನವರಿಯ ಮೇನ್ ಪರೀಕ್ಷೆಯ ಫಲಿತಾಂಶ ಬಂದಿತ್ತು. ನಾನು ಕೇಳಲಿಲ್ಲ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಬರೆಯುತ್ತೇನೆ ಅಂದಳು, ಎರಡರಲ್ಲಿ ಚೆನ್ನಾಗಿ ಬಂದದ್ದನ್ನೇ ಹಿಡಿಯುತ್ತಾರಲ್ಲ. ಒಂದು ವರ್ಷ ಡ್ರಾಪ್ ಮಾಡುವ ಮಾತನ್ನು ಜೂನಿಗೆ ಮುಂದೂಡಿದ್ದೇವೆ. ಮುಖದಲ್ಲಿ ಸ್ವಲ್ಪ ತುಂಬು ಬಂದಿತ್ತು.

"ಫ್ಲೆಕ್ಸ್ ಇಳಿಸಿದ್ರೇನವ್ವ?" ಅಂದೆ.

"ಇಳಿಸ್ಯಾರ್ರಿ. ನಮ್ಮ ಕಾಕಾನ ಕಣಕಿ ಬಣವಿಗೆ ಹೊಚ್ಯಾನ. ನನ್ನ ಮಾರಿ ಮ್ಯಾಲ ದಿನಾ ಕೋಳಿ ಕುಂದರ್ತಾವ್ರಿ."

ಮುಂದಿನ ಭೇಟಿ ಪಿಯು ಪರೀಕ್ಷೆ ಮುಗಿದ ವಾರ.