ಎಫ್‌ಸಿಗೆ ಮುಂಚೆ ಏನೇನು ರಿಪೇರಿ ಬೇಕು?

ಪ್ರಶ್ನೆ: ನನ್ನ ಹಳೇ ಕಾರಿನ ಫಿಟ್‌ನೆಸ್ ತಪಾಸಣೆ (ಎಫ್‌ಸಿ) ಹತ್ತಿರ ಬಂದಿದೆ. ಕ್ಲಚ್ ಬದಲಾಯಿಸಿ, ಎಸಿ ಸರಿ ಮಾಡಿಸಿ, ಬಂಪರಿಗೆ ಪೇಂಟ್ ಹೊಡೆಸಿ, ಇಲ್ಲದಿದ್ದರೆ ಪಾಸಾಗಲ್ಲ ಅಂತಾರೆ ಮೆಕ್ಯಾನಿಕ್. ಚೆಕ್ ಎಂಜಿನ್ ಲೈಟ್ ಬೇರೆ ಆಗಾಗ ಹತ್ತುತ್ತದೆ. ಹಿಂದಿನ ರಾತ್ರಿ ಬ್ಯಾಟರಿ ವೈರ್ ಕಳಚಿಟ್ಟರೆ ಸಾಕಂತೆ, ಹೌದಾ?

ಉತ್ತರ: ಎಸಿ ತಣ್ಣಗಿದೆಯಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಕ್ಲಚ್ಚೂ ಅಷ್ಟೇ. ಬಂಪರ್ ಒಡೆದು ಚೂಪಾಗಿ ಹೊರಗೆ ಚಾಚಿದ್ದರೆ ತಕರಾರು ಬರಬಹುದು, ಪೇಂಟ್ ಹೋಗಿದ್ದಕ್ಕಲ್ಲ. ನಿಯಮಗಳು ಕಡೆಯಿಂದ ಕಡೆಗೆ ಸ್ವಲ್ಪ ಬೇರೆ ಇರುತ್ತವೆ, ಆದರೆ ನೋಡುವುದು ಒಂದೇ: ಈ ಗಾಡಿಯಿಂದ ಒಳಗಿರುವವರಿಗೋ ರಸ್ತೆಯಲ್ಲಿರುವವರಿಗೋ ಅಪಾಯ ಇದೆಯಾ?

ಹಾಗಾಗಿ ಬ್ರೇಕಿಗೇ ತಲೆ ಜಾಸ್ತಿ ಕೆಡಿಸಿಕೊಳ್ಳಿ. ಬ್ರೇಕ್ ಹಿಡಿದರೆ ಸಾಲದು, ಎಡಕ್ಕೂ ಬಲಕ್ಕೂ ಸಮವಾಗಿ ಹಿಡಿಯಬೇಕು, ಮೆಷಿನ್ ಇರುವ ಕಡೆ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಎರಡೂ ಕಡೆಯ ಬಲವನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಅಲ್ಲಿ ಸಿಕ್ಕಿಬೀಳುವುದು ಗ್ಯಾರಂಟಿ. ಹ್ಯಾಂಡ್‌ಬ್ರೇಕನ್ನೂ ಪರೀಕ್ಷಿಸುತ್ತಾರೆ, ಬಳಸದೆ ಬಿಟ್ಟಿದ್ದರೆ ಅದರ ಕೇಬಲ್ ಜಾಮ್ ಆಗಿರಬಹುದು.

ಟೈರ್ ನೋಡುವಾಗ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಒಳಗಿನ ಅಂಚು ನೋಡಿ. ಹೊರಗಿನಿಂದ ಚೆನ್ನಾಗಿ ಕಾಣುವ ಟೈರು ಅಲೈನ್‌ಮೆಂಟ್ ಕೆಟ್ಟು ಒಳಗಡೆ ಬೋಳಾಗಿರಬಹುದು. ಟೈರಿನ ಗೀರುಗಳ (ಅಂದರೆ ಟ್ರೆಡ್) ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬಹಳಷ್ಟು ದೇಶಗಳಲ್ಲಿ ಫೇಲ್. ಗೀರಿನ ತಳದಲ್ಲಿರುವ ಸಣ್ಣ ರಬ್ಬರ್ ಉಬ್ಬು ಟೈರಿನ ಮೇಲ್ಮೈಗೆ ಸಮವಾಗಿದ್ದರೆ ಅಳೆಯುವುದೇ ಬೇಡ, ಟೈರು ಸವೆದಿದೆ ಅಂತಲೇ ಅರ್ಥ. ಲೈಟುಗಳಲ್ಲಿ ನಂಬರ್ ಪ್ಲೇಟಿನ ಲೈಟು ಮರೆಯಬೇಡಿ. ವೈಪರ್, ಹಾರ್ನ್, ಸೀಟ್ ಬೆಲ್ಟ್ ಅಂತೂ ಇದ್ದೇ ಇವೆ.

ಬ್ಯಾಟರಿ ಕಳಚುವ ಉಪಾಯ ಬಿಡಿ. ದೋಷದ ಕೋಡ್ ಅಳಿಸುತ್ತದೆ ನಿಜ, ಜೊತೆಗೆ ಕಾರು ತನ್ನನ್ನೇ ಪರೀಕ್ಷಿಸಿಕೊಂಡ ಫಲಿತಾಂಶವೂ ಅಳಿಸುತ್ತದೆ. ಸ್ಕ್ಯಾನರ್ ಹಾಕುವ ಕಡೆ 'ಪರೀಕ್ಷೆ ಮುಗಿದಿಲ್ಲ' ಅಂತ ತೋರಿಸಿ ವಾಪಸ್ ಕಳಿಸುತ್ತಾರೆ. ದೋಷ ಸರಿಮಾಡಿಸಿ, ಮತ್ತೆ ಕೆಲವು ದಿನ ಓಡಿಸಿ. ಹೊಗೆ ತಪಾಸಣೆಗೂ ಎಂಜಿನ್ ಬಿಸಿಯಾಗಿದ್ದಾಗಲೇ ಹೋಗಿ, ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಉಳಿದದ್ದಕ್ಕೆ ಸುಮ್ನೆ ಮೊದಲೇ ದುಡ್ಡು ಸುರಿಯಬೇಡಿ. ತಪಾಸಣೆಗೆ ಕೊಡಿ, ಫೇಲಾದರೆ ಕಾರಣಗಳನ್ನು ಬರಹದಲ್ಲಿ ಕೇಳಿ, ಅಷ್ಟನ್ನೇ ಮಾಡಿಸಿ. ಬ್ರೇಕ್ ಸರಿಯಿಲ್ಲ ಅಂತ ನಿಮಗೇ ಗೊತ್ತಿದ್ದರೆ ಮಾತ್ರ ಕಾಯಬೇಡಿ, ಅಲ್ಲಿಯವರೆಗೂ ಓಡಿಸಿಕೊಂಡು ಹೋಗಬೇಕಲ್ವಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸದಾಗಿ ಎಫ್‌ಸಿ ಆಗಿದೆ. ಬೇರೆ ಮೆಕ್ಯಾನಿಕ್‌ಗೆ ತೋರಿಸಬೇಕಾ?

ಉತ್ತರ: ಖಂಡಿತ ತೋರಿಸಿ. ತಪಾಸಣೆಯಲ್ಲಿ ಎಂಜಿನ್ ಬಿಚ್ಚುವುದಿಲ್ಲ, ಗೇರ್‌ಬಾಕ್ಸ್ ಇನ್ನೆಷ್ಟು ದಿನ ಬರುತ್ತದೆ ಅಂತ ನೋಡುವುದಿಲ್ಲ. ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ರಬ್ಬರ್ ಬೆಲ್ಟ್) ಇರುವ ಎಂಜಿನ್ನಾದರೆ ಯಾವಾಗ ಬದಲಾಯಿಸಿದ್ದು ಅಂತ ಮಾರುವವರನ್ನೇ ಕೇಳಿ, ಬಿಲ್ ನೋಡಿ.